ಹಕ್ಕಿಬಂಡೆಯ ಎರಡು ಹೆಸರಿನ ಮೀನು

ಹೆಸರುಕಡ್ಡಿ ಬಂದ ಮೇಲೆ ಶಿರೂರಿನ ಮೀನುಪೇಟೆಯಲ್ಲಿ ಜಗಳ ಕಡಿಮೆಯಾಗಬೇಕಿತ್ತು. ಹೆಚ್ಚಾಯಿತು.

ನೋಡಲು ಅದು ಜ್ವರ ನೋಡುವ ಥರ್ಮಾಮೀಟರಿನಂತೆ ಇತ್ತು. ತುದಿಯನ್ನು ಯಾವ ಜೀವಿಯ ಮೈಗಾದರೂ ತಾಗಿಸಿದರೆ ಸಾಕು, ಅಂಟಿದ ಲೋಳೆಯಲ್ಲೋ ಬೆವರಲ್ಲೋ ಇರುವ ಡಿಎನ್‌ಎಯನ್ನು ಓದಿ, ತನ್ನ ಭಂಡಾರದಲ್ಲಿ ಹುಡುಕಿ, ಪುಟ್ಟ ಪರದೆಯ ಮೇಲೆ ಆ ಜೀವಿಯ ಹೆಸರನ್ನು ಮೂಡಿಸುತ್ತಿತ್ತು. ಮೊದಲು ಪ್ರಯೋಗಾಲಯಗಳಲ್ಲಷ್ಟೇ ಇದ್ದದ್ದು ಬರಬರುತ್ತ ಮೊಬೈಲ್ ಅಂಗಡಿಗೂ ಬಂತು. ಅಂಜಲ್ ಎಂದು ಹೇಳಿ ಬೇರೆ ಮೀನಿನ ತುಂಡು ಕೊಟ್ಟರೆ ಗಿರಾಕಿಗಳು ಅಲ್ಲೇ ಕಡ್ಡಿ ತಾಗಿಸಿ ಕೂಗಾಡುತ್ತಿದ್ದರು. ಮೀನು ಮಾರುವ ಹೆಂಗಸರಿಗೆ ಅದನ್ನು ಕಂಡರೆ ಮೈಯೆಲ್ಲ ಉರಿ. ಅವರಲ್ಲಿ ಸರಸು ಎಂಬವಳು ಒಂದು ದಿನ ಗಿರಾಕಿಯ ಕೈಯಿಂದ ಕಡ್ಡಿ ಕಿತ್ತುಕೊಂಡು, ಐಸ್ ಹೊತ್ತು ತರುತ್ತಿದ್ದ ತನ್ನ ಗಂಡನ ಕುತ್ತಿಗೆಗೆ ಒತ್ತಿಬಿಟ್ಟಳು. ಪರದೆ ನೋಡಿ, "ಕಾಣಿ, ಮನುಷ್ಯ ಅಂತ ತೋರ್ಸ್ತಾ ಇತ್ತ್! ಇದ್ರ ಮಾತ್ ನಂಬುಕಾತ್ತಾ?" ಎಂದಳು. ಪೇಟೆಯೆಲ್ಲ ನಕ್ಕಿತು.

ಆ ನಗುವಿನಲ್ಲಿ ಇಂದುಮತಿಯೂ ಇದ್ದಳು. ಅವಳ ಎಡಭುಜದ ಮೇಲೆ ಅತ್ತೆ ದುರ್ಗಮ್ಮನ ಕೈ ಇತ್ತು.

ಇಂದುಮತಿ ಹರಿಹರದವಳು. ತುಂಗಭದ್ರೆಯಲ್ಲಿ ಈಜು ಕಲಿತು, ಓದಿನ ಬೆನ್ನು ಹತ್ತಿ ಕಡಲಿಗೆ ಬಂದು, ಶಿರೂರಿನ ಸಾಗರ ಸಂಶೋಧನಾ ಕೇಂದ್ರದಲ್ಲಿ ಮೀನುಗಳ ವರ್ಗೀಕರಣದ ಕೆಲಸಕ್ಕೆ ಸೇರಿದ್ದಳು. ಕೇಂದ್ರದ ದೋಣಿ ನಡೆಸುತ್ತಿದ್ದ ದೇವೇಂದ್ರ ಮೊಗೇರನ ಹೆಂಡತಿ ಜಲಜಾ ಇಲಿಜ್ವರದಲ್ಲಿ ತೀರಿಕೊಂಡಿದ್ದಳು. ಅವನಿಗೂ ಇಂದುಮತಿಗೂ ದೋಣಿಯಲ್ಲಿ ಹೋಗಿಬಂದು ಹುಟ್ಟಿದ ಸಲಿಗೆ ಮದುವೆಯಲ್ಲಿ ಮುಗಿದು ವರ್ಷವಾಗಿತ್ತು. ದುರ್ಗಮ್ಮನಿಗೆ ಗ್ಲಾಕೋಮಾದಿಂದ ಕಣ್ಣು ಹೋಗಿತ್ತಾದರೂ ಪೇಟೆ ಬಿಟ್ಟಿರಲು ಆಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ಸೊಸೆಯ ಭುಜ ಹಿಡಿದು ಬಂದು, ತಾನು ಜೀವಮಾನವಿಡೀ ಕೂತ ಕಟ್ಟೆಯಲ್ಲೇ ಕೂತು, ಉಳಿದವರ ವ್ಯಾಪಾರದಲ್ಲಿ ಬಾಯಿ ಹಾಕುವುದು ಅವರ ದಿನಚರಿ. ಕೇಂದ್ರಕ್ಕೆ ಹೋಗುವ ಮೊದಲು ಇಂದುಮತಿ ಅವರನ್ನು ಬಿಟ್ಟು ಹೋಗುತ್ತಿದ್ದಳು.

"ಇವತ್ ಕಡ್ಲಿಗ್ ಹೋಪುದಿತ್ತಾ?" ದುರ್ಗಮ್ಮ ಕೇಳಿದರು.

"ಹೌದು ಅತ್ತೆ. ಹಕ್ಕಿಬಂಡೆ ಹತ್ರ ಒಂದು ಸಣ್ಣ ಮೀನು ನೋಡಬೇಕು. ಗೋಬಿ ಅಂತ."

"ಗೋಬಿ ಅಂದ್ರೆ ಮಂಚೂರಿ ಮಾಡುದಲ್ದಾ?" ಎಂದಳು ಸರಸು.

"ಕಿರುಬೆರಳಷ್ಟು ಇರ್ತದೆ ಸರಸಕ್ಕ. ಮಂಚೂರಿಗೆ ಸಾಲದು."

ಇಂದುಮತಿ ಹೊರಟು ನಾಲ್ಕು ಹೆಜ್ಜೆ ಇಟ್ಟಿರಬೇಕು, ಹಿಂದಿನಿಂದ ದುರ್ಗಮ್ಮನ ದನಿ ಕೇಳಿತು. "ಜಲಜಾ..."

ಅವಳು ತಿರುಗಿ ಬಂದಳು. "ಏನತ್ತೆ?"

"ಎಂತ ಇಲ್ಲೆ. ಹೋಯ್ ಬಾ."

ಹೆಂಗಸರು ಯಾರೂ ತಲೆಯೆತ್ತಲಿಲ್ಲ. ಅವರಿಗೆ ಇದು ಅಭ್ಯಾಸವಾಗಿತ್ತು. ಇಂದುಮತಿಗೆ ಆಗಿರಲಿಲ್ಲ. ಓಗೊಡುವುದನ್ನೇನೋ ಕಲಿತಿದ್ದಳು, ಆದರೆ ಪ್ರತಿ ಸಲವೂ ಓಗೊಟ್ಟವಳು ಯಾರು ಎಂಬ ಗೊಂದಲ ಒಂದು ಕ್ಷಣ ಅವಳನ್ನು ಹಿಡಿದು ಅಲ್ಲಾಡಿಸುತ್ತಿತ್ತು.

ಹಕ್ಕಿಬಂಡೆ ಕರಾವಳಿಯಿಂದ ದೋಣಿಯಲ್ಲಿ ಒಂದು ತಾಸಿನ ದಾರಿ. ಮೇಲೆ ಹಕ್ಕಿಗಳ ಹಿಕ್ಕೆಯಿಂದ ಬೆಳ್ಳಗಾದ ಕಲ್ಲು, ಕೆಳಗೆ ಹವಳದ ದಿಬ್ಬ. ಅದರ ಪಕ್ಕದ ಮರಳಿನಲ್ಲಿ ಒಂದು ವಿಚಿತ್ರ ಸಂಸಾರ ನಡೆಯುತ್ತಿತ್ತು. ಬಿಲ ತೋಡುವುದು ಒಂದು ಸಿಗಡಿ. ಅದು ಬುಲ್ಡೋಜರಿನಂತೆ ಮುಂಗಾಲಲ್ಲಿ ಮರಳು ತಳ್ಳುತ್ತ ಹೊರಬರುತ್ತದೆ, ಮತ್ತೆ ಒಳಹೋಗುತ್ತದೆ. ಅದಕ್ಕೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಬಿಲದ ಬಾಯಲ್ಲಿ ಗೋಬಿ ಮೀನು ಕಾವಲು ಕೂತಿರುತ್ತದೆ. ಸಿಗಡಿ ಹೊರಗಿರುವಷ್ಟು ಹೊತ್ತೂ ತನ್ನ ಉದ್ದ ಮೀಸೆಯೊಂದನ್ನು ಮೀನಿನ ಮೈಮೇಲೆ ಇಟ್ಟೇ ಇರುತ್ತದೆ. ಅಪಾಯ ಕಂಡರೆ ಮೀನು ಬಾಲ ಅದುರಿಸುತ್ತದೆ, ಸಿಗಡಿ ಸರಕ್ಕನೆ ಒಳಗೆ. ಅಪಾಯ ತೀರಾ ಹತ್ತಿರ ಬಂದರೆ ಮೀನೂ ತಲೆ ಕೆಳಗಾಗಿ ಬಿಲಕ್ಕೆ ಹಾರುತ್ತದೆ. ಬಿಲ ಸಿಗಡಿಯದು, ಕಣ್ಣು ಮೀನಿನದು.

ಇಂದುಮತಿ ಅಲ್ಲಿಗೆ ಹೋದದ್ದಕ್ಕೆ ಕಾರಣವಿತ್ತು. ಹೊಸ ಬಂದರಿಗೆ ದೊಡ್ಡ ಹಡಗು ಬರಲು ಹಕ್ಕಿಬಂಡೆಯ ಪಕ್ಕದ ದಿಬ್ಬವನ್ನು ಒಡೆದು ಕಾಲುವೆ ಆಳ ಮಾಡಬೇಕೆಂದು ಯೋಜನೆಯಾಗಿತ್ತು. ದಿಬ್ಬ ಹೋದರೆ ಅಲ್ಲಿ ಮೊಟ್ಟೆಯಿಡುವ ಮೀನೂ ಹೋಗುತ್ತದೆ, ಊರಿನ ಸಣ್ಣ ದೋಣಿಗಳಿಗೆ ಬಲೆ ಬೀಸಲು ಜಾಗ ಉಳಿಯುವುದಿಲ್ಲ. ತಡೆಯಲು ಒಂದೇ ದಾರಿ ಇತ್ತು. ಅಳಿವಿನಂಚಿನ ಜೀವಿ ಅಲ್ಲಿದ್ದರೆ ಕಾಲುವೆಯನ್ನು ಬೇರೆ ಕಡೆ ತಿರುಗಿಸಲೇಬೇಕು. ಹಿಂದೆ ಅಲ್ಲಿ ನೀಲಿಚುಕ್ಕೆ ಗೋಬಿ ಎಂಬ ಅಪರೂಪದ ಮೀನು ಇತ್ತು. ನೀರು ಬಿಸಿಯೇರಿ ಹವಳ ಬಿಳುಚಿದ ವರ್ಷದಿಂದ ಅದನ್ನು ಈ ಕಡಲಲ್ಲಿ ಯಾರೂ ಕಂಡಿರಲಿಲ್ಲ. ಈಗ ಬಿಲಗಳ ಬಾಯಲ್ಲಿ ಕಾಣುತ್ತಿದ್ದದ್ದು ಎಲ್ಲೆಡೆ ಸಿಗುವ ಪಟ್ಟೆ ಗೋಬಿ.

ದೇವೇಂದ್ರ ಲಂಗರು ಹಾಕಿದ. ಇಂದುಮತಿ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿದಳು. ಒಂದು ಬಿಲದ ಬಾಯಲ್ಲಿ ಕೂತ ಮೀನನ್ನು ತುಂಬ ಹೊತ್ತು ನೋಡಿದಳು. ಮೈಮೇಲೆ ಓರೆಯಾದ ಕಂದು ಪಟ್ಟೆಗಳು. ಕೆನ್ನೆಯಲ್ಲಿ ನೀಲಿ ಚುಕ್ಕೆ ಒಂದೂ ಇಲ್ಲ. ಅನುಮಾನವೇ ಬೇಡ, ಪಟ್ಟೆ ಗೋಬಿ. ಲವಂಗದ ಎಣ್ಣೆ ಬೆರೆಸಿದ ನೀರನ್ನು ಮೆಲ್ಲಗೆ ಚಿಮುಕಿಸಿ, ಮೀನು ಮಂಪರಿಗೆ ಬಂದಾಗ ಕಡ್ಡಿಯನ್ನು ಅದರ ಪಕ್ಕೆಗೆ ತಾಗಿಸಿದಳು.

ದೋಣಿಯಲ್ಲಿ ಪರದೆ ನೋಡುತ್ತಿದ್ದ ಝುಬೇರ್ ಶಾಬಂದ್ರಿ, ಅವಳು ಮೇಲೆ ಬರುವಷ್ಟರಲ್ಲಿ ಎದ್ದು ನಿಂತಿದ್ದ. ಝುಬೇರ್ ಭಟ್ಕಳದವನು, ಕೇಂದ್ರದ ಎಂಜಿನಿಯರ್. ನೀರೊಳಗೆ ಕೆಲಸ ಮಾಡುವ ಕಡ್ಡಿಯನ್ನು ರೂಪಿಸಿದ್ದೇ ಅವನು.

"ಮೇಡಂ, ನೀಲಿಚುಕ್ಕೆ!"

"ಸಾಧ್ಯವೇ ಇಲ್ಲ. ನಾನೇ ನೋಡಿದೆನಲ್ಲ, ಪಟ್ಟೆ ಗೋಬಿ."

"ಕಡ್ಡಿ ನೀಲಿಚುಕ್ಕೆ ಅಂತಿದೆ."

ಅವಳು ಮತ್ತೆ ಇಳಿದಳು. ಅದೇ ಮೀನಿನ ತಲೆಗೆ ಕಡ್ಡಿ ತಾಗಿಸಿದಳು. ಈ ಸಲ ಪರದೆ ಪಟ್ಟೆ ಗೋಬಿ ಎಂದಿತು. ಪಕ್ಕೆಗೆ ತಾಗಿಸಿದರೆ ಮತ್ತೆ ನೀಲಿಚುಕ್ಕೆ. ಒಂದೇ ಮೀನು, ತಲೆಗೊಂದು ಹೆಸರು, ಪಕ್ಕೆಗೊಂದು ಹೆಸರು.

"ಒಳ್ಳೆ ಕತಿ ಆಯ್ತ್," ಎಂದ ದೇವೇಂದ್ರ. "ಮೀನಿಗೂ ರೇಶನ್ ಕಾರ್ಡ್ ಎರ್ಡಾ ಡಾಕ್ಟ್ರೆ?" ಮದುವೆಗೆ ಮೊದಲು ದೋಣಿಯಲ್ಲಿ ತಮಾಷೆಗೆ ಶುರುವಾದ ಆ 'ಡಾಕ್ಟ್ರೆ' ಈಗಲೂ ಹಾಗೇ ಇತ್ತು. ಅವನು ಹೆಂಡತಿಯನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ.

ಪ್ರಯೋಗಾಲಯದಲ್ಲಿ ಒಂದು ವಾರ ಅದೇ ಜಗಳ. ಕಡ್ಡಿ ಕೆಟ್ಟಿದೆ ಎಂದಳು ಇಂದುಮತಿ. ಝುಬೇರ್ ಅದನ್ನು ಬಿಚ್ಚಿ, ತೊಳೆದು, ತನ್ನ ಬೆರಳಿಗೂ ಕಿಟಕಿಯ ಹಲ್ಲಿಗೂ ಊಟದ ಡಬ್ಬಿಯ ಬಂಗುಡೆಗೂ ತಾಗಿಸಿ ತೋರಿಸಿದ. ಎಲ್ಲ ಸರಿಯಾಗೇ ಇತ್ತು. ಎರಡು ಜಾತಿಯ ಮಿಶ್ರಸಂತಾನ ಇರಬಹುದೇ ಎಂದು ಅವನು ಕೇಳಿದ. ಹಾಗಿದ್ದರೆ ಮೈಯೆಲ್ಲ ಒಂದೇ ಥರ ಇರಬೇಕು, ತಲೆಯಲ್ಲಿ ಒಂದು ಪಕ್ಕೆಯಲ್ಲಿ ಒಂದು ಅಲ್ಲ ಎಂದಳು ಅವಳು. ಮೀನನ್ನು ಕೇಂದ್ರಕ್ಕೆ ತಂದು, ರೆಕ್ಕೆಯ ಅಂಚಿನ ಚೂರು ತೆಗೆದು ನೋಡಿದರು. ಪಟ್ಟೆ ಗೋಬಿ. ಮೈಯ ಲೋಳೆಯನ್ನು ಮೃದುವಾಗಿ ಒರೆಸಿ ತೊಳೆದು ನೋಡಿದರು. ತಲೆಯಿಂದ ಬಾಲದವರೆಗೂ ಪಟ್ಟೆ ಗೋಬಿ.

"ಅಂದರೆ ಮೇಲಿನಿಂದ ಏನೋ ಅಂಟಿಕೊಂಡಿತ್ತು," ಎಂದ ಝುಬೇರ್. ಅವನ ಮುಖದಲ್ಲಿ ಜೀವ ಬಂದಿತ್ತು. ತಪ್ಪು ಕಡ್ಡಿಯದಲ್ಲ.

ಮೀನನ್ನು ಅದರ ಬಿಲಕ್ಕೇ ಮರಳಿಸಿದರು. ಇಂದುಮತಿ ತುಸು ದೂರದಲ್ಲಿ ಅಲುಗದೆ ನಿಂತು ನೋಡಿದಳು. ಸಿಗಡಿ ಹೊರಗೆ ಬಂತು, ಮೀಸೆ ಚಾಚಿತು, ತೊಳೆದ ಮೀನಿನ ಮೈ ಮುಟ್ಟಿತು, ಮುಟ್ಟಿದ್ದೇ ಹಿಂದೆ ಸರಿಯಿತು. ಮತ್ತೆ ಬಂತು, ಮತ್ತೆ ಸರಿಯಿತು. ಮರಳು ತಳ್ಳುವ ಕೆಲಸವೇ ನಿಂತುಹೋಯಿತು. ಗುರುತು ಸಿಗದವರ ಮನೆಗೆ ಬಂದ ಅತಿಥಿಯಂತೆ ಮೀನು ಬಾಗಿಲಲ್ಲೇ ಕೂತಿತ್ತು. ಮರುದಿನ ಹೋದಾಗ ಇಬ್ಬರೂ ಏನೂ ಆಗದವರಂತೆ ಕೆಲಸದಲ್ಲಿದ್ದರು. ಸಿಗಡಿಯ ಮೀಸೆ ಮೀನಿನ ಪಕ್ಕೆಯ ಮೇಲಿತ್ತು. ಅವಳು ಕಡ್ಡಿ ತಾಗಿಸಿದಳು.

ನೀಲಿಚುಕ್ಕೆ.

ಝುಬೇರ್ ದೋಣಿಯಲ್ಲಿ ಕೂತು ಬೆರಳು ಮಡಚುತ್ತ, ಒಂದೊಂದಾಗಿ ಹೇಳಿದ. ತೊಳೆದ ಮೀನು ಒಳಗೆ ಹೋಗಿ ಬರುವಷ್ಟರಲ್ಲಿ ಬೇರೆ ಮೀನಿನ ಲೋಳೆ ಹತ್ತಿಸಿಕೊಂಡು ಬಂದಿದೆ. ಲೋಳೆ ಕಡಲ ನೀರಿನಲ್ಲಿ ಒಂದು ದಿನವೂ ಉಳಿಯುವುದಿಲ್ಲ. ಆದ್ದರಿಂದ ಬಿಲದೊಳಗೆ ತಾಜಾ ಲೋಳೆ ಇದೆ. ಆದ್ದರಿಂದ ಒಳಗೆ ಜೀವಂತ ನೀಲಿಚುಕ್ಕೆ ಇದೆ, ಹೊರಗೆ ಬರುತ್ತಿಲ್ಲ ಅಷ್ಟೇ.

ಇಂದುಮತಿಗೆ ಬೇರೆ ವಿವರಣೆ ಹೊಳೆಯಲಿಲ್ಲ. ದೇವೇಂದ್ರನಿಗಂತೂ ಸಂಭ್ರಮ ತಡೆಯಲಾಗಲಿಲ್ಲ. ದೋಣಿ ದಡ ಮುಟ್ಟುವ ಮೊದಲೇ ಊರಿಗೆ ಫೋನ್ ಹೋಗಿತ್ತು. ಸಂಜೆಗೆ ಶಿರೂರಿನ ಅಳ್ವೆಗದ್ದೆಯ ಬಂದರುಕಟ್ಟೆಯಲ್ಲಿ ಪಟಾಕಿ ಹೊಡೆದರು. ಕೇಂದ್ರದ ನಿರ್ದೇಶಕ ಪಾಂಡುರಂಗ ಶಾನಭಾಗರು, ಹವಳದ ಮೇಲೆ ಜೀವವಿಟ್ಟುಕೊಂಡಿದ್ದ ಹಿರಿಯರು, ಇಂದುಮತಿಯ ಕೈಕುಲುಕಿ, "ನೋಡಮ್ಮ, ನಾನು ನಿವೃತ್ತನಾಗುವ ಮೊದಲು ಒಂದಾದರೂ ಉಳಿಯಿತು," ಎಂದರು. ಅವರ ಕಣ್ಣು ಒದ್ದೆಯಾಗಿತ್ತು.

ಅದೇ ವಾರ ಅವಳು ದುರ್ಗಮ್ಮನನ್ನು ಕುಂದಾಪುರದ ಡಾಕ್ಟರ ಬಳಿಗೆ ಕರೆದುಕೊಂಡು ಹೋದಳು. ಕಣ್ಣಿನ ಹನಿಮದ್ದಿಗೆಂದು ಹೇಳಿದ್ದಳು, ಆದರೆ ಒಳಗಿನ ಕಾರಣ ಬೇರೆ. ಹೆಸರು ಮರೆಯುವುದು ಮರೆವಿನ ಕಾಯಿಲೆಯ ಮೊದಲ ಗುರುತು ಎಂದು ಎಲ್ಲೋ ಓದಿದ್ದಳು. ಡಾಕ್ಟರು ದುರ್ಗಮ್ಮನಿಗೆ ಹತ್ತಾರು ಪ್ರಶ್ನೆ ಕೇಳಿದರು. ದುರ್ಗಮ್ಮ ಎಲ್ಲಕ್ಕೂ ಉತ್ತರ ಕೊಟ್ಟು, ಕೊನೆಗೆ ಡಾಕ್ಟರ ಅಜ್ಜ ತನ್ನ ಹತ್ತಿರ ಮೀನು ಕೊಳ್ಳುತ್ತಿದ್ದುದನ್ನೂ, ಅವರಿಗೆ ಮುಳ್ಳಿನ ಮೀನು ಆಗದಿದ್ದುದನ್ನೂ ನೆನಪಿಸಿದರು.

"ನೆನಪಿಗೆ ಏನೂ ಆಗಿಲ್ಲ. ನಮ್ಮಿಬ್ಬರಿಗಿಂತ ಚೆನ್ನಾಗಿದೆ," ಎಂದರು ಡಾಕ್ಟರು.

ಇಂದುಮತಿಗೆ ಅದರಿಂದ ಸಮಾಧಾನವಾಗಬೇಕಿತ್ತು. ಗೊಂದಲ ಇನ್ನೂ ಹೆಚ್ಚಾಯಿತು. ಮರೆತು ಕರೆಯುತ್ತಿಲ್ಲ ಎಂದಾದರೆ ಬೇಕೆಂದೇ ಕರೆಯುತ್ತಿದ್ದಾರೆ. ಬೇಕೆಂದೇ ಎಂದರೆ ತನ್ನನ್ನು ಒಪ್ಪಿಲ್ಲವೇ? ಒಪ್ಪದವರು ಭುಜ ಹಿಡಿದು ಇಷ್ಟು ನಂಬಿಕೆಯಿಂದ ನಡೆಯುತ್ತಾರೆಯೇ? ಮನೆಗೆ ಬಂದ ಮೇಲೆ ದೇವೇಂದ್ರನನ್ನೇ ಕೇಳಿದಳು.

"ಬಾಯ್ ತಪ್ಪಿ ಬತ್ತ್ ಮಾರಾಯ್ತಿ. ಅದ್ನೆಲ್ಲ ತಲಿಗ್ ಹಚ್ಕಂಬುದಾ?" ಎಂದು ಅವನು ಎದ್ದು ಹೋದ. ಜಲಜಾಳ ಮಾತು ಬಂದಾಗಲೆಲ್ಲ ಅವನಿಗೆ ದೋಣಿಯ ಎಂಜಿನಿನಲ್ಲಿ ಏನಾದರೂ ಕೆಲಸ ನೆನಪಾಗುತ್ತಿತ್ತು.

ಬಿಲದೊಳಗಿನ ಮೀನಿನ ಚಿತ್ರ ಸಿಕ್ಕದೆ ವರದಿ ಕಳಿಸುವಂತಿರಲಿಲ್ಲ. ಝುಬೇರ್ ನೂಲಿನಷ್ಟು ತೆಳ್ಳನೆಯ ಕ್ಯಾಮೆರಾ ತಯಾರಿಸಿದ. ತುದಿಯಲ್ಲಿ ಸಣ್ಣ ದೀಪ, ಪಕ್ಕದಲ್ಲೇ ಕಡ್ಡಿಯ ಮೊನೆ. ನಿರ್ದೇಶಕರೂ ದೋಣಿಗೆ ಬಂದರು. ಇಂದುಮತಿ ಕೆಳಗೆ ಇಳಿದು, ಮೀನೂ ಸಿಗಡಿಯೂ ಹೊರಗಿದ್ದ ಹೊತ್ತು ನೋಡಿ, ಕ್ಯಾಮೆರಾವನ್ನು ಮೆಲ್ಲಗೆ ಬಿಲದೊಳಗೆ ತೂರಿಸಿದಳು. ಮುಖವಾಡದ ಒಳಪರದೆಯಲ್ಲಿ ಅವಳಿಗೂ ಚಿತ್ರ ಕಾಣುತ್ತಿತ್ತು.

ಬಿಲ ಬಳಸುತ್ತ ಕೆಳಗಿಳಿಯಿತು. ಒಂದು ಕವಲು, ಖಾಲಿ. ಇನ್ನೊಂದು ಕವಲು, ಅಲ್ಲಿ ಹೊರಗಿದ್ದ ಸಿಗಡಿಯ ಜೊತೆಗಾತಿ ಮೊಟ್ಟೆಗಳನ್ನು ಹೊಟ್ಟೆಯಡಿ ಹೊತ್ತು ಕೂತಿತ್ತು. ಕೊನೆಯ ಕೋಣೆಯೂ ಬಂತು. ಮೀನು ಇರಲಿಲ್ಲ. ಎಲ್ಲಿಯೂ ಇರಲಿಲ್ಲ.

ಕ್ಯಾಮೆರಾವನ್ನು ಹಿಂದೆ ಎಳೆಯುವಾಗ ಅವಳ ಕೈ ನಿಂತಿತು. ದೀಪದ ಬೆಳಕಿಗೆ ಬಿಲದ ಗೋಡೆ ಹೊಳೆಯುತ್ತಿತ್ತು. ಸಡಿಲ ಮರಳು ಕುಸಿಯದಂತೆ ಗೋಡೆಗೆ ಏನನ್ನೋ ಮೆತ್ತಿದಂತಿತ್ತು, ಸಾರಿಸಿದ ನೆಲದ ಹಾಗೆ. ಕಡ್ಡಿಯ ಮೊನೆಯನ್ನು ಗೋಡೆಗೆ ಒತ್ತಿದಳು. ನೀಲಿಚುಕ್ಕೆ. ಇನ್ನೊಂದು ಕಡೆ ಒತ್ತಿದಳು. ನೀಲಿಚುಕ್ಕೆ. ಅಷ್ಟರಲ್ಲಿ ಹೊರಗಿನ ಸಿಗಡಿ ಒಳನುಗ್ಗಿತು. ಕ್ಯಾಮೆರಾದ ಪಕ್ಕದಲ್ಲೇ ತನ್ನ ಮೀಸೆಯನ್ನು ಗೋಡೆಗೆ ಉಜ್ಜಿಕೊಂಡು, ಮತ್ತೆ ಬಾಗಿಲಿಗೆ ಹೋಗಿ, ಅದೇ ಮೀಸೆಯನ್ನು ಪಟ್ಟೆ ಗೋಬಿಯ ಪಕ್ಕೆಯ ಮೇಲೆ ಇಟ್ಟಿತು.

ಗೋಡೆಯ ಚೂರನ್ನು ತಂದು ಪರೀಕ್ಷಿಸಿದಾಗ ತಿಳಿದದ್ದು ಇಷ್ಟು. ಸಿಗಡಿಯ ಬಾಯಿಂದ ಬರುವ ಅಂಟು ಮೀನಿನ ಲೋಳೆಯೊಂದಿಗೆ ಬೆರೆತರೆ ಗಾರೆಯಂತೆ ಗಟ್ಟಿಯಾಗುತ್ತದೆ. ಅದರೊಳಗಿನ ಡಿಎನ್‌ಎ ಕೆಡುವುದಿಲ್ಲ. ಎಷ್ಟು ಕಾಲ ಕೆಡುವುದಿಲ್ಲ ಎಂದು ಯಾರಿಗೂ ಹೇಳಲಾಗಲಿಲ್ಲ. ಬಹುಶಃ ನೀಲಿಚುಕ್ಕೆ ಗೋಬಿಗಳು ಇಲ್ಲಿದ್ದ ಕಾಲದಲ್ಲಿ ಇದೇ ಸಿಗಡಿ ಈ ಬಿಲ ಕಟ್ಟಿದ್ದು, ಅಥವಾ ಇದಕ್ಕಿಂತ ಹಿಂದಿನ ಸಿಗಡಿಗಳು ಕಟ್ಟಿದ್ದು. ಆ ಮೀನುಗಳು ಹೋದವು. ಗೋಡೆಯಲ್ಲಿ ಅವುಗಳ ಲೋಳೆ ಉಳಿಯಿತು. ಹೊಸದಾಗಿ ಬಂದ ಪಟ್ಟೆ ಗೋಬಿಗೆ ಸಿಗಡಿ ಅದನ್ನೇ ಸವರಿ ಕಾವಲಿಗೆ ಕೂರಿಸಿಕೊಂಡಿದೆ. ಯಾಕೆ ಎಂಬುದು ಊಹೆ ಮಾತ್ರ. ಕಣ್ಣು ಕಾಣದ ಜೀವಿಗೆ ತನ್ನ ಮನೆಯ ವಾಸನೆ ಇರುವವರೇ ಮನೆಯವರು ಇರಬಹುದು.

"ಹಾಗಾದರೆ ಹಕ್ಕಿಬಂಡೆಯಲ್ಲಿ ನೀಲಿಚುಕ್ಕೆ ಇದೆಯೋ ಇಲ್ಲವೋ?" ಎಂದು ಕೇಳಿದರು ಶಾನಭಾಗರು.

"ಗೋಡೆಯಲ್ಲಿದೆ ಸರ್. ನೀರಿನಲ್ಲಿ ಕಾಣಲಿಲ್ಲ."

ಅವರು ಎದ್ದು ಬಾಗಿಲು ಮುಚ್ಚಿ ಬಂದರು. ಆಮೇಲೆ ಮೆಲ್ಲಗೆ ಹೇಳಿದರು. "ಬಾಗಿಲಲ್ಲಿ ಕೂತ ಮೀನಿನ ಪಕ್ಕೆಗೆ ಕಡ್ಡಿ ತಾಗಿಸಿದರೆ ಏನು ತೋರಿಸುತ್ತದೋ ಅಷ್ಟನ್ನೇ ಬರೆಯಬಹುದಲ್ಲವೇನಮ್ಮ? ಸುಳ್ಳಾಗುವುದಿಲ್ಲ. ಸರ್ಕಾರವೂ ಕಡ್ಡಿಯನ್ನೇ ನಂಬುವುದು. ಯಾರೂ ತಲೆಗೆ ತಾಗಿಸಿ ನೋಡುವುದಿಲ್ಲ."

ಇಂದುಮತಿ ಝುಬೇರನ ಕಡೆ ನೋಡಿದಳು. ಅವನು ತಲೆ ತಗ್ಗಿಸಿದ್ದ. ಅವನಿಗೂ ಆಸೆಯಿತ್ತು, ಅವಳಿಗೂ ಇತ್ತು. ಎರಡು ದಿನ ಅವಳು ಏನನ್ನೂ ಬರೆಯಲಿಲ್ಲ. ಮನೆಗೆ ಹೋದರೆ ದೇವೇಂದ್ರನದೂ ಅದೇ ಮಾತು.

"ಕಡ್ಡಿ ನೀಲಿಚುಕ್ಕೆ ಅಂತ ಹೇಳ್ತ್ ಅಲ್ದಾ? ಅದ್ನೇ ಬರಿ ಡಾಕ್ಟ್ರೆ. ಯಾರ ಗಂಟ್ ಹೋತ್ತ್?"

"ಆ ಮೀನು ಅದಲ್ಲ ದೇವು."

"ಆ ಚಟ್ಲಿ, ನಿನ್ನ್ ಸಿಗಡಿ, ಒಪ್ಕಂಡಿತ್ತಲ್ದಾ? ಅದ್ಕಿಲ್ದ್ ತಕರಾರ್ ನಿಂಗೆಂತಕ್ಕೆ?"

ಅವನು ಹೇಳಿದ್ದರಲ್ಲಿ ತಪ್ಪೇನು ಎಂದು ಅವಳು ಯೋಚಿಸಿದಷ್ಟೂ ಎಲ್ಲ ಕಲಸಿಹೋಗುತ್ತಿತ್ತು. ಇದ್ದದ್ದು ಒಂದೇ ಮೀನು. ಅದರ ಕಣ್ಣು, ಪಟ್ಟೆ, ರೆಕ್ಕೆ, ರಕ್ತ ಎಲ್ಲ ಒಂದು ಮಾತು ಹೇಳುತ್ತಿದ್ದವು. ಅದರ ಮೈಮೇಲೆ ಬೇರೆಯವರು ಸವರಿದ್ದು ಇನ್ನೊಂದು ಮಾತು ಹೇಳುತ್ತಿತ್ತು. ಆ ಎರಡನೇ ಮಾತನ್ನು ಬರೆದರೆ ಊರು ಉಳಿಯುತ್ತದೆ. ಆದರೆ ಒಂದು ಬೆಳಿಗ್ಗೆ ಅವಳಿಗೆ ಇಷ್ಟು ಸ್ಪಷ್ಟವಾಯಿತು: ಇದನ್ನು ನೀಲಿಚುಕ್ಕೆ ಎಂದು ಬರೆದರೆ ನಿಜವಾದ ನೀಲಿಚುಕ್ಕೆ ಎಲ್ಲಿ ಹೋಯಿತೆಂದು ಇನ್ನು ಯಾರೂ ಹುಡುಕುವುದಿಲ್ಲ. ಇದೆ ಎಂದ ಮೇಲೆ ಹುಡುಕುವವರು ಯಾರು?

ಅವಳು ಪಟ್ಟೆ ಗೋಬಿ ಎಂದೇ ಬರೆದಳು. ಗೋಡೆಯ ವಿಷಯವನ್ನೂ ಬರೆದಳು. ಬರೆದದ್ದನ್ನು ಮೊದಲು ದೇವೇಂದ್ರನಿಗೇ ಹೇಳಿದಳು. ಅವನು ಕೂಗಾಡಲಿಲ್ಲ. ಊಟದ ಬಟ್ಟಲಿನ ಮುಂದಿಂದ ಎದ್ದು ಕೈತೊಳೆದು ಹೊರಗೆ ಹೋದ. ಆಮೇಲೆ ಹಲವು ದಿನ ದೋಣಿಯಲ್ಲಿ ಅವಳನ್ನು ಡಾಕ್ಟ್ರೆ ಎಂದೂ ಕರೆಯಲಿಲ್ಲ.

ಬಂದರು ಯೋಜನೆಯ ವಿಚಾರಣೆ ಶಾಲೆಯ ಬಯಲಿನಲ್ಲಿ ನಡೆಯಿತು. ಊರಿನವರು ಬಂದು ಕೂತಿದ್ದರು, ಪೇಟೆಯ ಹೆಂಗಸರೂ ಇದ್ದರು. ವರದಿ ಓದಿದ ಅಧಿಕಾರಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಡಾಕ್ಟರೇ, ಇದರಲ್ಲಿ ನನಗೊಂದು ಅರ್ಥವಾಗಲಿಲ್ಲ. ಆ ಮೀನು ಇಲ್ಲ ಎನ್ನುತ್ತೀರಿ. ಅದರ ಲೋಳೆ ಬಿಲದ ತುಂಬ ಇದೆ ಎನ್ನುತ್ತೀರಿ. ಬೇರೆ ಬಿಲಗಳಲ್ಲಿ ಆ ಮೀನು ಇರಬಹುದೋ?"

"ಇರಬಹುದು. ಇಲ್ಲದೆಯೂ ಇರಬಹುದು. ನಾವು ನೋಡಿದ್ದು ಒಂದು ಬಿಲ ಮಾತ್ರ."

"ಬೇರೆ ಬಿಲಗಳು ಎಷ್ಟಿವೆ?"

"ಗೊತ್ತಿಲ್ಲ ಸರ್. ದಿಬ್ಬದ ಸುತ್ತ ಮರಳೆಲ್ಲ ಬಿಲವೇ."

ಅಧಿಕಾರಿ ಪಕ್ಕದವರೊಂದಿಗೆ ಪಿಸುಗುಟ್ಟಿದರು. ಇಲ್ಲ ಎಂದು ಬರೆದಿದ್ದರೆ ಯೋಜನೆಗೆ ಒಪ್ಪಿಗೆ ಕೊಡಬಹುದಿತ್ತು, ಇದೆ ಎಂದು ಬರೆದಿದ್ದರೆ ತಡೆಯಬಹುದಿತ್ತು. ಗೋಡೆಯಲ್ಲಿದೆ ಎಂಬುದಕ್ಕೆ ಏನು ಮಾಡಬೇಕೆಂದು ಯಾವ ಕಾಯಿದೆಯಲ್ಲೂ ಇರಲಿಲ್ಲ. ಕೊನೆಗೆ, ದಿಬ್ಬದ ಸುತ್ತಲಿನ ಬಿಲಗಳನ್ನೆಲ್ಲ ಒಳಹೊಕ್ಕು ನೋಡುವವರೆಗೆ ಒಡೆಯುವ ಕೆಲಸ ಶುರು ಮಾಡಬಾರದು ಎಂದು ತೀರ್ಮಾನವಾಯಿತು. ನೋಡುವ ಕೆಲಸ ಇಂದುಮತಿಯ ತಲೆಗೇ ಬಂತು. ಅದಕ್ಕೆ ವರ್ಷಗಳು ಬೇಕು. ಗೆದ್ದೆವೋ ಸೋತೆವೋ ತಿಳಿಯದೆ ಜನ ಚದುರಿದರು. ಶಾನಭಾಗರು ಅವಳ ಹತ್ತಿರ ಬಂದು, ತಲೆ ಅಲ್ಲಾಡಿಸಿ, ನಕ್ಕು ಹೋದರು.

ದುರ್ಗಮ್ಮನನ್ನು ಕರೆದುಕೊಂಡು ಅವಳು ನಡೆದೇ ಮನೆಗೆ ಹೊರಟಳು. ಭುಜದ ಮೇಲೆ ಅತ್ತೆಯ ಕೈ ಇತ್ತು. ಮೀನು ಒಣಗಿಸುವ ಬಯಲು ದಾಟಿ, ನೆರಳಿದ್ದ ಒಂದು ಕಡೆ ಇಬ್ಬರೂ ಕೂತರು. ದುರ್ಗಮ್ಮನಿಗೆ ಮೀನಿನ ವಿಷಯ ಪೂರ್ತಿ ತಿಳಿಯಬೇಕಿತ್ತು. ಇಂದುಮತಿ ಎಲ್ಲವನ್ನೂ ಹೇಳಿದಳು. ಸಿಗಡಿ ಗೋಡೆಗೆ ಮೀಸೆ ಉಜ್ಜಿ ಹೊಸ ಮೀನಿಗೆ ಸವರಿದ್ದನ್ನು ಹೇಳುವಾಗ ಅವಳು ಅವಸರದಿಂದ ಮಾತು ಮುಗಿಸಿದಳು. ಅದು ದುರ್ಗಮ್ಮನ ಕಿವಿಗೆ ತಪ್ಪಲಿಲ್ಲ.

"ಎಂತ ಹೆಣೆ, ನಾನೂ ಆ ಚಟ್ಲಿ ಹಂಗೆ ಅಂತ ತಿಳ್ಕಂಡ್ಯಾ? ವಾಸ್ನಿ ಕಂಡ್ ಜನ ಗುರ್ತ್ ಹಿಡುಕೆ?" ಎಂದು ಅವರು ನಕ್ಕರು.

ಇಂದುಮತಿ ನಗಲಿಲ್ಲ. "ಮತ್ತೆ ಯಾಕತ್ತೆ ನನ್ನನ್ನ ಜಲಜಾ ಅಂತ ಕರೀತೀರಿ?"

"ನಿನ್ನ ಕರದದ್ದ್ ಯಾರ್?"

"ನೀವೇ. ದಿನಾ."

ದುರ್ಗಮ್ಮ ಮುಖವನ್ನು ಕಡಲಿನ ಕಡೆಗೆ ತಿರುಗಿಸಿದರು. "ನಾ ಕರುದ್ ಅವ್ಳನ್ನ್. ಅವ್ಳ್ ಹೋದ್ ಮೇಲೆ ಆ ಮನಿಯಲ್ಲ್ ಅವ್ಳ್ ಹೆಸ್ರ್ ಯಾರೂ ಎತ್ತುದಿಲ್ಲೆ. ದೇವು ಪಟನೂ ಒಳ್ಗಿಟ್ಟ. ಹಿಂಗೇ ಆರೆ ಅವ್ಳ್ ಇದ್ದದ್ದೇ ಸುಳ್ಳ್ ಅಂದೇಳಿ ಆತ್ತ್ ಅಲ್ದಾ? ಕಣ್ ಕಾಣ್ದ್ ಕೂಕಂಡಲ್ಲ್ ನಂಗ್ ಬಾಯಿಗ್ ಬತ್ತಿತ್ತ್, ಕರಿತಿದ್ದೆ. ಅವ್ಳ್ ಬತ್ಲ್ ಅಂತ ಅಲ್ಲ. ಕರ್ದ್ರೆ ಒಂದ್ ಸಮಾಧಾನ. ನೀ ಮದಿ ಆಯಿ ಬಂದ್ ಹೊಸ್ತ್ರಲ್ಲ್ ಹಂಗೇ ಒಂದಿನ ಕರದೆ. ನೀ ಒಂದ್ ಲೋಟ ನೀರ್ ಹಿಡ್ಕಂಡ್ ಓಡಿ ಬಂದೆ." ಅವರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. "ನಿನ್ನ ಕರದದ್ದಲ್ಲ ಅಂತ ಹೇಳುಕೆ ಮನ್ಸ್ ಬರ್ಲಿಲ್ಲೆ. ನೀರ್ ಕುಡ್ದೆ."

ಒಂದು ವರ್ಷ ಇಂದುಮತಿ ಓಗೊಟ್ಟದ್ದು, ನೊಂದದ್ದು, ಕುಂದಾಪುರದ ಡಾಕ್ಟರವರೆಗೆ ಹೋದದ್ದು ಎಲ್ಲ ಒಟ್ಟಿಗೇ ನೆನಪಾಗಿ, ಅಳು ಬಂದಂತಾಗಿ ನಗುವೇ ಹೊರಬಂತು.

"ಹೇಳಬಾರದಿತ್ತಾ ಅತ್ತೆ? ನಾನು ಪ್ರತಿ ಸಲ ಓಡಿ ಓಡಿ ಬರ್ತಿದ್ದೆ."

"ಓಡಿ ಬಪ್ಪೋರ್ನ ಬ್ಯಾಡ ಅಂಬುಕಾತ್ತಾ?"

"ನನ್ನನ್ನೇ ಕರೀಬೇಕಾದಾಗ ಏನಂತ ಕರೀತೀರಿ?"

"ಕರುಕೆ ನೀ ಎಲ್ಲ್ ಬಿಡ್ತೆ? ಅವ್ಳ್ ಹೆಸ್ರ್ ಹೇಳುದ್ರೊಳ್ಗೆ ಬಂದ್ ನಿಂತಿರ್ತೆ." ದುರ್ಗಮ್ಮ ತಡಕಾಡಿ ಅವಳ ಭುಜ ಸಿಕ್ಕಿಸಿಕೊಂಡರು. "ಇಂದುಮತಿ ಅಲ್ದಾ ನಿನ್ನ್ ಹೆಸ್ರ್? ಕೂಗುಕೆ ಉದ್ದ ಆತ್ತ್. ಇಂದು ಅಂದ್ರೆ ಸಾಕಾ?"

"ಸಾಕು ಅತ್ತೆ."

"ಏಳ್ ಹಂಗಾರೆ ಇಂದೂ. ಬಿಸ್ಲ್ ಏರ್ತಾ ಇತ್ತ್."

ಅದಾಗಿ ಕೆಲವು ದಿನಗಳು ಕಳೆದವು. ಒಂದು ಮಧ್ಯಾಹ್ನ ಇಂದುಮತಿ ಅಡಿಗೆಮನೆಯ ಹಿಂಬಾಗಿಲಲ್ಲಿ ಕೂತು ಮೀನು ಹೆಚ್ಚುತ್ತಿದ್ದಳು. ದೇವೇಂದ್ರ ಅಂಗಳದಲ್ಲಿ ಹರಿದ ಬಲೆ ಕಟ್ಟುತ್ತಿದ್ದ. ಜಗುಲಿಯಿಂದ ದುರ್ಗಮ್ಮನ ದನಿ ಬಂತು.

"ಜಲಜಾ..."

ಇಂದುಮತಿಯ ಕಾಲು ತಾನೇ ಎದ್ದಿತು. ಅವಳು ಅರ್ಧಕ್ಕೇ ತಡೆದು, ಮತ್ತೆ ಕೂತಳು. ಯಾರೂ ಓಗೊಡಲಿಲ್ಲ. ಇಂದುಮತಿ ಬಂದ ಮೇಲೆ ಮನೆಯೊಳಗೆ ಆ ಹೆಸರು ಮೊದಲ ಸಲ ಉತ್ತರವಿಲ್ಲದೆ ನಿಂತಿತು. ಅಂಗಳದಲ್ಲಿ ದೇವೇಂದ್ರ ತಲೆಯೆತ್ತಿ ಅಡಿಗೆಮನೆಯ ಕಡೆ ನೋಡಿದ. ಅವಳು ಯಾಕೆ ಹೋಗಲಿಲ್ಲ ಎಂದು ಅವನಿಗೆ ತಿಳಿಯಲಿಲ್ಲ.

"ಜಲಜಾ..." ಇನ್ನೊಮ್ಮೆ ಕರೆದರು ದುರ್ಗಮ್ಮ.

ದೇವೇಂದ್ರ ಬಲೆಯನ್ನು ಕೆಳಗಿಟ್ಟು ಎದ್ದ. ಎಂಜಿನಿನ ಕಡೆಗೆ ಹೋಗುತ್ತಾನೆ ಎಂದುಕೊಂಡಳು ಇಂದುಮತಿ. ಅವನು ಜಗುಲಿಗೆ ಹೋಗಿ ತಾಯಿಯ ಪಕ್ಕದ ಮೆಟ್ಟಿಲಲ್ಲಿ ಕೂತ.

"ಎಂತ ಅಬ್ಬಿ?"

"ಎಂತ ಇಲ್ಲೆ."

ಆಮೇಲೆ ದೇವೇಂದ್ರನ ದನಿ ಕೇಳಿತು. "ಈ ಹೊತ್ತಲ್ಲ್ ಅವ್ಳಿಗ್ ಚಾ ಬೇಕಿತ್ತ್. ಬೆಲ್ಲದ್ದ್."

"ಹೌದ್ ಮಗಾ. ಸಕ್ರಿ ಹಾಕಿರೆ ಮುಟ್ತಿರ್ಲಿಲ್ಲೆ."

ಇಂದುಮತಿಗೆ ಎದೆ ಹಗುರಾಯಿತೋ ಚುಚ್ಚಿತೋ ತಿಳಿಯಲಿಲ್ಲ. ಅವರು ಮಾತಾಡುತ್ತಲೇ ಇದ್ದರು. ಅವಳು ಎದ್ದು ಹೋಗಲಿಲ್ಲ. ಕೂತಲ್ಲೇ ಕೂತು, ಸದ್ದಾಗದಂತೆ, ಮೀನು ಹೆಚ್ಚುವುದನ್ನು ಮುಂದುವರಿಸಿದಳು.